ಕಂಪೌಂಡ್ ಅರ್ಜಿಗೆ ಮೊದಲು ರಸ್ತೆ ಅಳೆಯಿರಿ
ಮನೆ ಮುಂದೆ ಕಂಪೌಂಡ್ ಕಟ್ಟಲು ಕಲಬುರಗಿ ಮಹಾನಗರ ಪಾಲಿಕೆಗೆ ಅರ್ಜಿ ಕೊಡುವವರು, ಮೊದಲು ಮಂಜೂರಾದ ಲೇಔಟ್ ನಕ್ಷೆಯಲ್ಲಿ ನಿಮ್ಮ ರಸ್ತೆಯ ಅಗಲ ನೋಡಿ. ಆಮೇಲೆ ನಿಮ್ಮ ಸೈಟಿನ ಗಡಿಕಲ್ಲಿನಿಂದ ಎದುರು ಸೈಟಿನ ಗಡಿಕಲ್ಲಿಗೆ ಟೇಪ್ ಹಿಡಿಯಿರಿ. ನಕ್ಷೆಯಲ್ಲಿ 9 ಮೀಟರ್ ಇದ್ದರೆ ಇಲ್ಲೂ ಅಷ್ಟೇ ಬರಬೇಕು. ಡಾಂಬರಿನ ಅಂಚನ್ನೇ ಗಡಿ ಅಂತ ತಿಳಿಯಬೇಡಿ. ಚರಂಡಿ, ಅದರ ಪಕ್ಕದ ಮಣ್ಣಿನ ಜಾಗ ಕೂಡ ಸಾಮಾನ್ಯವಾಗಿ ರಸ್ತೆಯದ್ದೇ. ಗೋಡೆ ಅಲ್ಲಿಗೆ ಹೋದರೆ ಒತ್ತುವರಿ ಆಗುತ್ತದೆ, ಕಟ್ಟಿದ್ದನ್ನು ಒಡೆಯಬೇಕಾಗುತ್ತದೆ. ಅಳತೆ ಬರೆದ ಸಣ್ಣ ಸ್ಕೆಚ್ ಅರ್ಜಿಗೆ ಸೇರಿಸಿ. ಗೇಟ್ ಒಳಗಡೆ ತೆರೆಯುವ ಹಾಗೆ ತೋರಿಸಿದರೆ ಇನ್ನೂ ಒಳ್ಳೆಯದು. ಗಡಿಕಲ್ಲು ಕಿತ್ತುಹೋಗಿದ್ದರೆ, ಅಥವಾ ಲೇಔಟ್ ನಕ್ಷೆಯೇ ಇಲ್ಲದ ಹಳೇ ಓಣಿಯಾದರೆ ಈ ಉಪಾಯ ನಡೆಯಲ್ಲ. ಅಲ್ಲಿ ಸರ್ವೆಯವರಿಂದಲೇ ಹದ್ದು ಗುರುತು ಮಾಡಿಸಿ.