ಗಡಿ ದಾಟಿ ಹಲ್ಲು ಕಟ್ಟಿಸ್ಕೊಂಡಿದ್ದು: ಲಾಸ್ ಅಲ್ಗೊಡೋನೆಸ್‌ನಲ್ಲಿ ಇಂಪ್ಲಾಂಟ್, ನನ್ನ ಅನುಭವ

ಕೊನೇ ಕ್ರೌನ್ (ಮೇಲೆ ಕೂರ್ಸೋ ಹಲ್ಲಿನ ಆಕಾರದ ಕ್ಯಾಪ್) ಕೂತು ಆರೇಳು ತಿಂಗಳಾಯ್ತು. ಚಕ್ಕುಲಿ, ನಿಪ್ಪಟ್ಟು, ಕಬ್ಬು ಎಲ್ಲಾ ಎರಡೂ ಕಡೆ ಅಗೀತಿದೀನಿ, ಅದಕ್ಕೇ ಈಗ ಬರೀತಿದೀನಿ. ಶುರು ಮಾಡ್ದಾಗ ಇಲ್ಲಿ ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಕಡೆ ನಮ್ಮ ಕನ್ನಡದೋರ ಬಳಗದಲ್ಲಿ ಒಬ್ರೂ ಒಪ್ಪಿರ್ಲಿಲ್ಲ. ಅರ್ಧ ಜನ "ಮೆಕ್ಸಿಕೋನಾ, ತಲೆ ಕೆಟ್ಟಿದ್ಯಾ" ಅಂದ್ರು, ಇನ್ನರ್ಧ ಜನ "ಊರಿಗೆ ಹೋದಾಗ ಜಯನಗರದಲ್ಲಿ ಮಾಡಿಸ್ಕೋ ಮಾರಾಯ" ಅಂದ್ರು. ನನಗೆ ಬೇಕಿದ್ದಿದ್ದು ಮೂರು ಇಂಪ್ಲಾಂಟ್ (ಮೂಳೆ ಒಳಗೆ ಕೂರ್ಸೋ ಕೃತಕ ಬೇರು), ಕೆಳಗೆ ಬಲಗಡೆ ಎರಡು ದವಡೆ ಹಲ್ಲು, ಮೇಲೆ ಎಡಗಡೆ ಒಂದು. ಮೇಲಿಂದಕ್ಕೆ ಮೂಳೆ ಸಾಲ್ದೆ ಸೈನಸ್ ಲಿಫ್ಟ್ (ಸೈನಸ್ ಪೊರೆ ಮೇಲಕ್ಕೆತ್ತಿ ಅಡೀಲಿ ಮೂಳೆ ತುಂಬೋದು) ಬೇರೆ. ಚಾಂಡ್ಲರ್‌ನಲ್ಲಿ ಮನೆ ಹತ್ರದ ಕ್ಲಿನಿಕ್ ಕೊಟ್ಟ ಎಸ್ಟಿಮೇಟ್ 18 ಸಾವಿರ ಡಾಲರ್ ಚಿಲ್ರೆ, ಅದ್ರಲ್ಲಿ ನನ್ನ ಡೆಂಟಲ್ ಇನ್ಶೂರೆನ್ಸ್ ವರ್ಷಕ್ಕೆ ಕೊಡೋದು ಹೆಚ್ಚಂದ್ರೆ 1,500. ಕೊನೆಗೆ ನನ್ನ ಕೈಯಿಂದ ಹೋಗಿದ್ದು ಪೆಟ್ರೋಲು, ಹೋಟೆಲು, ಪಾರ್ಕಿಂಗು ಎಲ್ಲಾ ಸೇರಿ ಆರು ಸಾವಿರದ ಒಳಗೆ.

ಬೆಂಗಳೂರು ಯಾಕೆ ಬೇಡ ಅಂದೆ ಅಂತ ಎಲ್ರೂ ಕೇಳ್ತಾರೆ. ಅಲ್ಲಿ ಕೆಲ್ಸ ಚೆನ್ನಾಗಿಲ್ಲ ಅಂತಲ್ಲ, ಕೆಲ್ಸ ಬಹಳ ಚೆನ್ನಾಗಿದೆ, ರೇಟೂ ಮೆಕ್ಸಿಕೋಗಿಂತ ಕಮ್ಮಿ. ಆದ್ರೆ ಇಂಪ್ಲಾಂಟ್ ಹಾಕಿ ಮೂಳೆ ಹಿಡಿಯೋಕೆ ಮೂರರಿಂದ ಆರು ತಿಂಗಳು, ಸೈನಸ್ ಲಿಫ್ಟ್ ಇದ್ರೆ ಇನ್ನೂ ಜಾಸ್ತಿ, ಆಮೇಲೆ ಕ್ರೌನ್. ಅಂದ್ರೆ ಕಮ್ಮಿ ಅಂದ್ರೂ ಎರಡು ಸಲ ಹೋಗ್ಬೇಕು, ಒಂದೊಂದು ಟಿಕೆಟ್ ರಜಾ ಸೀಸನ್ನಲ್ಲಿ 1,500 ಡಾಲರ್ ಆಸುಪಾಸು, ಜೊತೆಗೆ ರಜೆ. ಮಧ್ಯೆ ಏನಾದ್ರೂ ಎಡವಟ್ಟಾದ್ರೆ ಮೂರನೇ ಟಿಕೆಟ್. ನನಗೆ ಎಡವಟ್ಟು ಆಯ್ತು, ಅದನ್ನ ಆಮೇಲೆ ಹೇಳ್ತೀನಿ, ಅದು ಬೆಂಗಳೂರಲ್ಲಿ ಆಗಿದ್ರೆ ಉಳಿತಾಯ ಎಲ್ಲಾ ವಿಮಾನದೋರಿಗೆ ಹೋಗಿರೋದು.

ಲಾಸ್ ಅಲ್ಗೊಡೋನೆಸ್ ಅಂದ್ರೆ ಐದಾರು ಸಾವಿರ ಜನ ಇರೋ ಊರು, ಮೆಕ್ಸಿಕೋದ ಉತ್ತರದ ತುತ್ತತುದಿ, ಅರಿಜೋನಾದ ಯೂಮಾ ಊರಿನ ಪಕ್ಕದಲ್ಲೇ. ನಾಲ್ಕೈದು ಬೀದಿ ತುಂಬಾ ಬರೀ ಹಲ್ಲಿನ ಡಾಕ್ಟರು, ಕನ್ನಡಕದ ಅಂಗಡಿ, ಫಾರ್ಮಸಿ. ಅಮೆರಿಕನ್ನರು ಇದನ್ನ ಮೋಲಾರ್ ಸಿಟಿ (ದವಡೆ ಹಲ್ಲಿನ ಊರು) ಅಂತಾನೇ ಕರೀತಾರೆ. ಚಾಂಡ್ಲರ್‌ನಿಂದ ಗಿಲಾ ಬೆಂಡ್ ಮೇಲೆ ಐ-8 ಹೆದ್ದಾರಿ ಹಿಡಿದ್ರೆ ಮೂರು ಗಂಟೆ ಚಿಲ್ರೆ. ಯೂಮಾ ದಾಟಿ ಕ್ಯಾಲಿಫೋರ್ನಿಯಾ ಒಳಗೆ ಹೋಗಿ 166ನೇ ಎಕ್ಸಿಟ್ ತಗೊಂಡು, ಕ್ವೆಚಾನ್ ಬುಡಕಟ್ಟಿನೋರ ಪಾರ್ಕಿಂಗ್ ಜಾಗದಲ್ಲಿ ಕಾರ್ ಬಿಟ್ಟು (ಹತ್ತು ಡಾಲರ್ ಹತ್ರ, ಕ್ಯಾಶ್ ಇಟ್ಕೊಳಿ) ನಡ್ಕೊಂಡು ಗೇಟ್ ದಾಟೋದು. ಕಾರ್ ಒಳಗೆ ತಗೊಂಡು ಹೋಗ್ಬೇಡಿ, ನಮ್ಮ ಇಲ್ಲಿನ ಇನ್ಶೂರೆನ್ಸ್ ಆ ಕಡೆ ನಡೆಯಲ್ಲ. ಗ್ರೀನ್ ಕಾರ್ಡ್ ಇರೋರಿಗೂ, ಅಮೆರಿಕದ ವೀಸಾ ಸ್ಟಾಂಪ್ ಚಾಲ್ತೀಲಿರೋರಿಗೂ ಮೆಕ್ಸಿಕೋ ವೀಸಾ ಬೇಡ. ಸ್ಟಾಂಪ್ ಮುಗ್ದಿರೋ ಎಚ್1ಬಿ ಹುಡುಗರು ಮಾತ್ರ ಮೊದ್ಲು ವಕೀಲರನ್ನ ಕೇಳಿ, ಹಲ್ಲಿಗೋಸ್ಕರ ಕೆಲ್ಸ ಕಳ್ಕೋಬೇಡಿ.

ಮೊದಲನೇ ಸಲ ಹೋದಾಗ ಗೇಟ್ ದಾಟಿ ಹತ್ತು ಹೆಜ್ಜೆ ಇಟ್ಟಿಲ್ಲ, ದಲ್ಲಾಳಿಗಳು ಮುತ್ಕೊಂಡ್ರು. ಒಬ್ಬ ಕರ್ಕೊಂಡು ಹೋದ ಕ್ಲಿನಿಕ್ಕಲ್ಲಿ ಫ್ರೀ ಎಕ್ಸ್‌ರೇ ತೆಗೆದು, ಮೂರು ಇಂಪ್ಲಾಂಟ್ ಜೊತೆ ಎಂಟು ಕ್ರೌನ್ ಬೇಕೇ ಬೇಕು, ಇವತ್ತೇ ಅಡ್ವಾನ್ಸ್ ಕೊಟ್ರೆ ಡಿಸ್ಕೌಂಟ್ ಅಂದ್ರು. ನೆಟ್ಟಗಿರೋ ಹಲ್ಲುಗಳನ್ನ ಅರೆದು ಕ್ಯಾಪ್ ಹಾಕೋ ಪ್ಲಾನು. ಎದ್ದು ಬಂದ್ಬಿಟ್ಟೆ. ವಾಪಸ್ ಬರೋ ದಾರೀಲಿ ಮೂರು ಗಂಟೆ ಡ್ರೈವ್ ಮಾಡ್ತಾ ಇದನ್ನೇ ಯೋಚ್ನೆ ಮಾಡ್ದೆ: ಏನು ಬೇಕು ಅಂತ ಹೇಳೋನೂ ಅವನೇ, ಮಾರೋನೂ ಅವನೇ ಆದ್ರೆ ಗಡಿ ಈ ಕಡೆ ಆದ್ರೇನು ಆ ಕಡೆ ಆದ್ರೇನು, ಕತೆ ಇಷ್ಟೇ. ನನ್ನ ವಿಧಾನ ಹುಟ್ಟಿದ್ದು ಅಲ್ಲೇ. ಪ್ಲಾನ್ ಒಂದು ಕಡೆ, ಕೆಲ್ಸ ಇನ್ನೊಂದು ಕಡೆ, ಫೈಲೆಲ್ಲಾ ನನ್ನ ಕೈಯಲ್ಲಿ.

ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್‌ರೇ) ಇಲ್ಲೇ ಒಂದು ಇಮೇಜಿಂಗ್ ಸೆಂಟರಲ್ಲಿ ಮಾಡಿಸ್ದೆ, 250 ಡಾಲರ್ ಆಗಿರ್ಬೇಕು. ಬರೀ ಪ್ರಿಂಟ್ ಅಲ್ಲ, ಸ್ಕ್ಯಾನಿನ ಮೂಲ ಡಿಜಿಟಲ್ ಫೈಲ್ (ಡೈಕಾಮ್) ಪೂರ್ತಿ ಇಸ್ಕೊಂಡೆ. ಅದನ್ನೇ ಯಾರ ಅಭಿಪ್ರಾಯನೂ ಇನ್ನೊಬ್ಬರಿಗೆ ಹೇಳ್ದೆ ಇಲ್ಲಿ ಒಬ್ರಿಗೆ, ಅಲ್ಗೊಡೋನೆಸ್‌ನಲ್ಲಿ ಮೂರ್ನಾಲ್ಕು ಕಡೆ, ಬೆಂಗಳೂರಲ್ಲಿ ಇಬ್ರು ಪ್ರಾಸ್ತೊಡಾಂಟಿಸ್ಟ್‌ಗಳಿಗೆ (ಕೃತಕ ಹಲ್ಲು ಕಟ್ಟೋ ತಜ್ಞರು) ಕಳಿಸ್ದೆ. ಒಂದೇ ಸ್ಕ್ಯಾನ್‌ಗೆ ಬಂದ ಉತ್ತರ ನೋಡಿ ನನ್ನ ಹೆಂಡ್ತಿನೂ ಬೆರಗಾದ್ಲು. ಒಬ್ರು ಸೈನಸ್ ಲಿಫ್ಟೇ ಬೇಡ, ಗಿಡ್ಡ ಇಂಪ್ಲಾಂಟ್ ಹಾಕ್ಬೋದು ಅಂದ್ರು, ಒಬ್ರು ಬ್ರಿಡ್ಜ್ (ಅಕ್ಕಪಕ್ಕದ ಹಲ್ಲಿನ ಆಸರೇಲಿ ಕಟ್ಟೋ ಹಲ್ಲು) ಸಾಕು ಅಂದ್ರು, ಒಬ್ರು ನಾಲ್ಕು ಇಂಪ್ಲಾಂಟ್ ಅಂದ್ರು. ಬೆಂಗಳೂರಿನ ಒಬ್ಬ ಡಾಕ್ಟರು ವಿಡಿಯೋ ಕಾಲಲ್ಲಿ ಮುಕ್ಕಾಲು ಗಂಟೆ ಕೂತು ಸ್ಲೈಸ್ ಸ್ಲೈಸ್ ತೋರ್ಸಿ, ಕೆಳಗೆ ನರ ಎಲ್ಲಿ ಹೋಗುತ್ತೆ, ಮೇಲೆ ಎಷ್ಟು ಮಿಲಿಮೀಟರ್ ಮೂಳೆ ಇದೆ, ಯಾಕೆ ಲಿಫ್ಟ್ ಬೇಕು ಅಂತ ಬಿಡ್ಸಿ ಹೇಳಿದ್ರು. ತಗೊಂಡಿದ್ದು 1,500 ರೂಪಾಯಿ. ಇಡೀ ಖರ್ಚಲ್ಲಿ ಅತೀ ಲಾಭದ ಖರ್ಚು ಅದೇ. ಆ ಪ್ಲಾನನ್ನ ಕಾಗದದ ಮೇಲೆ ಇಳಿಸ್ಕೊಂಡು, ಯಾವ ಕ್ಲಿನಿಕ್‌ನೋರು ತಾವಾಗೇ ಕೊಟ್ಟ ಪ್ಲಾನ್ ಅದನ್ನೇ ಹೋಲ್ತಿತ್ತೋ ಅವರ ಹತ್ರ ಹೋದೆ. ಕ್ಲಿನಿಕ್ ಹೆಸರು ಹೇಳಲ್ಲ, ಸೈನಸ್ ಲಿಫ್ಟ್ ರೇಟು 1,500 ಡಾಲರಿಂದ 900ಕ್ಕೆ ಹೇಗೆ ಇಳಿಸ್ದೆ ಅನ್ನೋದೂ ನನ್ನ ಹತ್ರಾನೇ ಇರ್ಲಿ. ಎಲ್ರೂ ಅದನ್ನೇ ಮಾಡಿದ್ರೆ ಮುಂದೆ ನಡೆಯಲ್ಲ.

ಬ್ರ್ಯಾಂಡ್ ವಿಷ್ಯದಲ್ಲಿ ಮಾತ್ರ ಹಟ ಹಿಡಿದೆ. ಸ್ಟ್ರಾಮನ್, ನೊಬೆಲ್ ಬಯೋಕೇರ್, ಆಸ್ಟೆಮ್, ಹೀಗೆ ಬೆಂಗಳೂರಲ್ಲೂ ಅರಿಜೋನಾದಲ್ಲೂ ಸ್ಪೇರ್ ಸಿಗೋಂಥದ್ದೇ ಆಗ್ಬೇಕು. ಅಲ್ಲಿ ಕೆಲವು ಕಡೆ ಹೆಸರೇ ಕೇಳಿರದ ಇಂಪ್ಲಾಂಟ್ 400-500ಕ್ಕೆ ಹಾಕ್ತಾರೆ, ಹತ್ತು ವರ್ಷ ಆದ್ಮೇಲೆ ಅದರ ಸ್ಕ್ರೂ ಸಡಿಲ ಆದ್ರೆ ಯಾವ ಡಾಕ್ಟರ ಹತ್ರಾನೂ ಅದಕ್ಕೆ ಹೊಂದೋ ಸ್ಕ್ರೂಡ್ರೈವರ್ ಇರಲ್ಲ. ನಂದು ಒಂದೊಂದು 800 ಬಿತ್ತು. ಪ್ಯಾಕೆಟ್ ನನ್ನ ಕಣ್ಣೆದ್ರೇ ಒಡೀಬೇಕು, ಲಾಟ್ ನಂಬರಿನ ಸ್ಟಿಕರ್ ನನಗೆ ಕೊಡ್ಬೇಕು ಅಂತ ಮೊದ್ಲೇ ಹೇಳಿದ್ದೆ, ಕೊಟ್ರು.

ಈಗ ಎಡವಟ್ಟಿನ ವಿಷ್ಯ. ಕೆಳಗಿನ ಕಡೇ ದವಡೆ ಇಂಪ್ಲಾಂಟ್ ಹಿಡೀಲಿಲ್ಲ. ನಾಲ್ಕು ತಿಂಗಳಾದ್ಮೇಲೆ ತೆರೆದು ನೋಡಿದ್ರೆ ಕೈಯಲ್ಲೇ ತಿರುಗ್ತಿತ್ತು. ತೆಗೆದು, ಸ್ವಚ್ಛ ಮಾಡಿ, ಬೋನ್ ಗ್ರಾಫ್ಟ್ (ಮೂಳೆ ತುಂಬೋದು) ಹಾಕಿ ಮತ್ತೆ ಕಾಯಿಸಿದ್ರು. ಇಂಪ್ಲಾಂಟ್ ವಾರಂಟೀಲಿ ಬಂತು, ಗ್ರಾಫ್ಟ್‌ಗೆ ಮಾತ್ರ 350 ಕೊಟ್ಟೆ. ವಾರಂಟಿ ಅಂದ್ರೆ ವಸ್ತುಗೆ ಅಷ್ಟೇ, ಪೆಟ್ರೋಲು, ಹೋಟೆಲು, ಗ್ರಾಫ್ಟು ನಮ್ದೇ, ಅದನ್ನ ಬರವಣಿಗೇಲಿ ಕೇಳ್ಕೊಂಡೇ ಶುರು ಮಾಡಿ. ಆ ಹೊತ್ತಿಗೆ ನಮ್ಮ ಬಳಗದಲ್ಲಿ "ನಾವು ಹೇಳಿರ್ಲಿಲ್ವಾ" ಅನ್ನೋ ಮಾತು ಜೋರಾಗಿತ್ತು. ಸರ್ಜನ್ ಹೇಳಿದ್ದು ಸಕ್ಕರೆ ಕಾರಣ ಅಂತ. ನನ್ನ ಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ) ಆಗ 7.8 ಹತ್ರ ಇತ್ತು, 7ರ ಕೆಳಗೆ ಬರೋವರೆಗೂ ಮತ್ತೆ ಹಾಕಲ್ಲ ಅಂತ ಖಡಾಖಂಡಿತ ಹೇಳಿಬಿಟ್ರು. ದುಡ್ಡು ಕೊಡ್ತೀನಿ ಅಂದ್ರೂ ಬೇಡ ಅನ್ನೋ ಡಾಕ್ಟರ ಮೇಲೆ ನನಗೆ ನಂಬಿಕೆ ಬಂದಿದ್ದು ಅವತ್ತೇ. ಅನ್ನ ಕಮ್ಮಿ ಮಾಡಿ, ಸಂಜೆ ನಡಿಗೆ ಹಿಡಿದು 6.6ಕ್ಕೆ ತಂದೆ, ಎರಡನೇದು ಕಲ್ಲಿನ ಹಾಗೆ ಹಿಡೀತು. ಸಕ್ಕರೆ ಇರೋರು ಮೊದ್ಲು ಅದನ್ನ ನೋಡ್ಕೊಂಡು ಆಮೇಲೆ ಗಾಡಿ ಹತ್ತಿ.

ಆಪರೇಷನ್ ದಿನ ಯೂಮಾದಲ್ಲೇ ಉಳ್ಕೊಳ್ತಿದ್ದೆ, ರೂಮು 90-100 ಡಾಲರ್. ಅದೇ ದಿನ ಮೂರು ಗಂಟೆ ಡ್ರೈವ್ ಬೇಡ, ಮಾರನೇ ದಿನ ಒಂದ್ಸಲ ತೋರ್ಸ್ಕೊಂಡೇ ಹೊರಡಿ. ಥರ್ಮಾಸಲ್ಲಿ ರಾಗಿ ಅಂಬಲಿ ಒಯ್ತಿದ್ದೆ, ಮೊಸರನ್ನ ಮಾರನೇ ದಿನಕ್ಕೆ. ದಾರೀಲಿ ಡೇಟ್‌ಲ್ಯಾಂಡ್ ಅಂತ ಊರು, ಖರ್ಜೂರದ ಶೇಕ್‌ಗೆ ಹೆಸರುವಾಸಿ, ಹೋಗೋವಾಗ ಕುಡೀರಿ, ಬರೋವಾಗ ಬೇಡ. ಹಲ್ಲು ಕಿತ್ತ ಮೇಲೆ ಸ್ಟ್ರಾನಲ್ಲಿ ಹೀರಿದ್ರೆ ಗಾಯದ ರಕ್ತ ಹೆಪ್ಪು ಕಿತ್ಕೊಂಡು ಬರುತ್ತೆ, ಆ ನೋವು ಬೇಡ. ಇನ್ನೊಂದು, ಚಳಿಗಾಲದಲ್ಲಿ ಅಲ್ಗೊಡೋನೆಸ್‌ನ ಗಡಿಯಾರ ಫೀನಿಕ್ಸ್‌ಗಿಂತ ಒಂದು ಗಂಟೆ ಹಿಂದೆ, ಬೇಸಿಗೇಲಿ ಒಂದೇ. ಅಪಾಯಿಂಟ್‌ಮೆಂಟ್ ಹೊತ್ತು ಲೆಕ್ಕ ಹಾಕುವಾಗ ಇದು ನೆನಪಿರ್ಲಿ.

ಮಧ್ಯದಲ್ಲಿ ಒಂದು ಪ್ರಯೋಗ ಮಾಡ್ದೆ, ಇದಕ್ಕಂತೂ ನನಗೆ ನಿಜವಾಗ್ಲೂ ಹೆಮ್ಮೆ ಇದೆ. ಕೆಳಗಿನ ಮೊದಲ್ನೇ ದವಡೆ ಇಂಪ್ಲಾಂಟ್ ಹಿಡಿದು ರೆಡಿ ಇತ್ತು, ಅಷ್ಟರಲ್ಲಿ ಅಣ್ಣನ ಮಗಳ ಮದ್ವೆಗೆ ಬೆಂಗಳೂರಿಗೆ ಹೋಗೋದು ಬಂತು. ಹೆಂಗೂ ಹೋಗ್ತಿದೀನಿ ಅಂತ ಸ್ಟಿಕರ್, ಸೈಜು ಎಲ್ಲಾ ಮುಂಚೇನೇ ಆ ವಿಡಿಯೋ ಕಾಲ್ ಡಾಕ್ಟರಿಗೆ ಕಳಿಸಿದ್ದೆ, ನಾನು ಹೋಗೋ ಹೊತ್ತಿಗೆ ಪಾರ್ಟ್ಸ್ ತರ್ಸಿಟ್ಟಿದ್ರು. ಬಂದಿಳಿದ ಮಾರನೇ ದಿನ ಬಾಯಿ ಸ್ಕ್ಯಾನ್, ಚಪ್ಪರದ ದಿನಕ್ಕೆ ಮುಂಚೆ ಜಿರ್ಕೋನಿಯಾ ಕ್ರೌನ್ ಸ್ಕ್ರೂ ಹಾಕಿ ಕೂರ್ಸಿದ್ರು. ಅಬಟ್‌ಮೆಂಟ್ (ಇಂಪ್ಲಾಂಟ್‌ಗೂ ಕ್ರೌನ್‌ಗೂ ಮಧ್ಯೆ ಕೂರೋ ಭಾಗ) ಸೇರಿ 18 ಸಾವಿರ ರೂಪಾಯಿ ಚಿಲ್ರೆ. ಮೆಕ್ಸಿಕೋದಲ್ಲಿ ಅದೇ 450 ಡಾಲರ್. ಅಂದ್ರೆ ಬೇರು ಮೆಕ್ಸಿಕೋದ್ದು, ಹಲ್ಲು ಬೆಂಗಳೂರಿಂದು, ಮದ್ವೆ ಊಟದ ಹೋಳಿಗೆ ಜೊತೆ ಹುರಿದ ಗೋಡಂಬಿ ಅದೇ ಹಲ್ಲಲ್ಲಿ ಅಗೆದೆ. ಸಿಮೆಂಟ್ ಹಾಕಿ ಕೂರ್ಸೋ ಕ್ರೌನ್ ಬೇಡ ಅನ್ನಿ, ಸ್ಕ್ರೂದ್ದೇ ಕೇಳಿ, ಮುಂದೆ ಯಾವ ಊರಲ್ಲಿ ಬೇಕಾದ್ರೂ ಬಿಚ್ಚಿ ನೋಡ್ಬೋದು.

ಅಲ್ಗೊಡೋನೆಸ್‌ನಲ್ಲೇ ಪ್ರೋಗ್ರೆಸಿವ್ (ದೂರಕ್ಕೂ ಓದೋಕೂ ಒಂದೇ) ಕನ್ನಡಕನೂ ಒಂದು ಮಾಡಿಸ್ದೆ, 120 ಡಾಲರ್ ಇರ್ಬೇಕು. ಫ್ರೇಮ್ ಪರ್ವಾಗಿಲ್ಲ, ಲೆನ್ಸ್ ಓದೋಕೆ ಸರಿ ಹೊಂದಲಿಲ್ಲ, ಅದು ಲಾಭ ಇಲ್ಲ.

ಇನ್ಶೂರೆನ್ಸ್ ಕ್ಲೇಮ್ ಮೊದ್ಲು ತಿರಸ್ಕಾರ ಆಯ್ತು. ಕಾರಣ ಕಂಡುಹಿಡಿಯೋಕೆ ವಾರಗಟ್ಲೆ ಫೋನ್ ಮಾಡ್ದೆ. ವಿಷ್ಯ ಏನಪ್ಪಾ ಅಂದ್ರೆ, ಮೆಕ್ಸಿಕೋದೋರು ನಮ್ಮ ಇಂಡಿಯಾದೋರ ಥರಾನೇ ಹಲ್ಲಿಗೆ ಎಫ್‌ಡಿಐ ನಂಬರ್ (ಎರಡಂಕಿಯ ಅಂತರರಾಷ್ಟ್ರೀಯ ಪದ್ಧತಿ) ಬರೀತಾರೆ, ಅಮೆರಿಕದೋರು 1ರಿಂದ 32 ಎಣಿಸ್ತಾರೆ. ನನ್ನ ಮೇಲಿನ ಎಡ ದವಡೆ ಅವರ ರಸೀದೀಲಿ 26, ಇಲ್ಲಿ ಅದು 14. ಇಲ್ಲಿನ 26 ಅಂದ್ರೆ ಕೆಳಗಿನ ಮುಂಭಾಗದ ಹಲ್ಲು, ಅದು ನನ್ನ ಬಾಯಲ್ಲಿ ಗಟ್ಟಿಯಾಗೇ ಇದೆ. ಕೆಳಗಿನ ಬಲ ದವಡೆಗೆ ಅವರು ಬರೆದಿದ್ದ 46 ಅನ್ನೋ ನಂಬರಂತೂ ಇಲ್ಲಿ ಇಲ್ವೇ ಇಲ್ಲ. ರಸೀದಿ ತಿದ್ದಿಸಿ, ಇಂಗ್ಲಿಷಲ್ಲಿ, ಡಾಲರಲ್ಲಿ, ಇಂಪ್ಲಾಂಟ್‌ಗೆ ಡಿ6010, ಹಲ್ಲು ಕೀಳೋದಕ್ಕೆ ಡಿ7140 ಅಂತ ಕೋಡ್ ಹಾಕ್ಸಿ ಮತ್ತೆ ಕಳಿಸ್ದೆ, ಬಂತು. ಕೆಲ್ಸ ಎರಡು ಕ್ಯಾಲೆಂಡರ್ ವರ್ಷಕ್ಕೆ ಹರಡಿದ್ದರಿಂದ ಎರಡೂ ವರ್ಷದ್ದು ಸೇರಿ 1,200ರ ಸುಮಾರು ಸಿಕ್ತು, ಮೇಲೆ ಹೇಳಿದ ಆರು ಸಾವಿರ ಅದನ್ನ ಕಳೆಯೋಕೆ ಮುಂಚಿನ ಲೆಕ್ಕ. ಉಳಿದಿದ್ದು ಎಚ್‌ಎಸ್‌ಎಯಿಂದ (ಚಿಕಿತ್ಸೆಗೆ ಅಂತ ತೆರಿಗೆ ಇಲ್ದೆ ದುಡ್ಡು ಕೂಡಿಡೋ ಖಾತೆ) ಹೋಯ್ತು. ಹೊರದೇಶದ ಚಿಕಿತ್ಸೆಗೂ ಎಚ್‌ಎಸ್‌ಎ ನಡೆಯುತ್ತೆ, ಅಲ್ಲಿಂದ ಈ ಕಡೆ ತಂದ ಮಾತ್ರೆಗೆ ಮಾತ್ರ ಇಲ್ಲ. ಕ್ಲಿನಿಕ್ಕಲ್ಲಿ ಕಾರ್ಡ್ ಉಜ್ಜಿದ್ರೆ ಮೂರ್ನಾಲ್ಕು ಪರ್ಸೆಂಟ್ ಜಾಸ್ತಿ ಹಾಕ್ತಾರೆ, ಅದನ್ನೂ ಲೆಕ್ಕಕ್ಕೆ ಸೇರಿಸ್ಕೊಳಿ.

ಒಂದು ಫಿಲ್ಲಿಂಗ್, ಒಂದು ಕ್ಲೀನಿಂಗ್‌ಗೆಲ್ಲಾ ಅಷ್ಟು ದೂರ ಹೋಗೋದು ದಂಡ, ಎರಡು ಇಂಪ್ಲಾಂಟ್‌ನಿಂದ ಮೇಲಕ್ಕೆ ಆದ್ರೆ ಮಾತ್ರ ಗಿಟ್ಟುತ್ತೆ. ನ್ಯೂಜೆರ್ಸಿ ಕಡೆ ಇರೋರು ವಿಮಾನ ಹತ್ತಿ ಇಲ್ಲಿಗೆ ಬರೋದಕ್ಕಿಂತ ಬೆಂಗಳೂರೇ ವಾಸಿ ಅಂತ ನನ್ನ ಅಭಿಪ್ರಾಯ, ನಮ್ಮ ಅರಿಜೋನಾ, ಸ್ಯಾನ್ ಡಿಯಾಗೋದೋರಿಗೆ ಇದು ಸರಿ.

ಇಲ್ಲಿಗೆ ವಾಪಸ್ ಬಂದ ಮೇಲೆ ಕ್ಲೀನಿಂಗ್ ಮಾಡೋರು ಬೇಕಲ್ಲ. ಒಂದು ಕಡೆ ಮೆಕ್ಸಿಕೋ ಅಂದ ತಕ್ಷಣ ಮುಟ್ಟೋದೇ ಇಲ್ಲ ಅಂದ್ರು. ಇನ್ನೊಂದು ಕಡೆ ಸ್ಟಿಕರ್‌ಗಳು, ಹಾಕಿದ ದಿನದ ಎಕ್ಸ್‌ರೇ, ಕ್ರೌನ್ ಕೂತ ದಿನದ ಎಕ್ಸ್‌ರೇ, ಸ್ಕ್ರೂ ಎಷ್ಟು ಟಾರ್ಕ್‌ಗೆ ಬಿಗಿ ಮಾಡಿದ್ರು ಅನ್ನೋದೆಲ್ಲಾ ಒಂದೇ ಫೈಲಲ್ಲಿ ತೋರ್ಸಿದಾಗ ಆ ಡಾಕ್ಟರಮ್ಮ ಪೂರ್ತಿ ತಿರುವಿ ನೋಡಿ, ನಮ್ಮ ಪೇಷಂಟ್‌ಗಳೇ ಇಷ್ಟು ಇಟ್ಟಿರಲ್ಲ ಅಂದು ಒಪ್ಕೊಂಡ್ರು. ವರ್ಷಕ್ಕೊಂದು ಎಕ್ಸ್‌ರೇ, ಆರು ತಿಂಗಳಿಗೊಂದು ಕ್ಲೀನಿಂಗ್, ರಾತ್ರಿ ಹಲ್ಲು ಕಡಿಯೋ ಅಭ್ಯಾಸಕ್ಕೆ ಗಾರ್ಡ್. ಹೋಗೋರು ಜನವರಿ, ಫೆಬ್ರವರಿ ಬಿಟ್ಟು ಹೋಗಿ, ಆಗ ಕೆನಡಾದಿಂದ ಬಂದಿರೋ ಹಿರಿಯರ ಸಾಲು ವಾಪಸ್ ಬರೋ ಗೇಟಲ್ಲಿ ಎರಡು ಗಂಟೆ ನಿಲ್ಲಿಸುತ್ತೆ, ಗೇಟು ರಾತ್ರಿ ಹತ್ತಕ್ಕೆ ಮುಚ್ಚುತ್ತೆ. ಅಕ್ಟೋಬರಲ್ಲಿ ಬೆಳಿಗ್ಗೆ ಹೋದ್ರೆ ಹತ್ತು ನಿಮಿಷದಲ್ಲಿ ಈಚೆ ಬರ್ತೀರಿ.