ಸೋಫಾ ಮುಂದಕ್ಕೆ ಬಂದ ಮೇಲೆ ಕಂಡ 4ಕೆ

ಡೊಂಬಿವಿಲಿಯ ನಮ್ಮ ಮನೆಗೆ ಹಳೆಯ 32 ಇಂಚಿನ ಟಿವಿಯ ಬದಲು 55 ಇಂಚಿನ 4ಕೆ ಟಿವಿ ಬಂದ ದಿನ, ಮೊದಲು ಹಾಕಿದ್ದು ಅಮ್ಮನಿಗೆ ಪ್ರಿಯವಾದ ಒಂದು ಯಕ್ಷಗಾನದ ವೀಡಿಯೊ. ಐದು ನಿಮಿಷ ನೋಡಿದ ಅಮ್ಮ, "ಮುಖಕ್ಕೆ ಮೇಣ ಬಳಿದ ಹಾಗೆ ಕಾಣ್ತದಲ್ಲ ಮಗಾ, ಹಳತೇ ಚಂದ ಇತ್ತು" ಎಂದರು. ಅಷ್ಟು ಹಣ ಕೊಟ್ಟು ತಂದ ನನಗೆ ಆ ಮಾತು ನೋವುಂಟುಮಾಡಿತಾದರೂ, ಹತ್ತಿರ ಹೋಗಿ ನೋಡಿದಾಗ ಅವರು ಹೇಳಿದ್ದು ಸರಿಯಾಗಿತ್ತು. ಕಾರಣ ಹುಡುಕುವುದರಲ್ಲಿ ಮೂರು ಭಾನುವಾರಗಳು ಕಳೆದವು.

ಮೊದಲು ಟೇಪು ಹಿಡಿದು ಸೋಫಾದಿಂದ ಪರದೆಗಿರುವ ದೂರವನ್ನು ಅಳೆದೆ. ಮೂರು ಮೀಟರ್ ಇತ್ತು. 55 ಇಂಚಿನ ಪರದೆಯ ಅಗಲ ಸುಮಾರು 122 ಸೆಂಟಿಮೀಟರ್; 4ಕೆ ಆದ್ದರಿಂದ ಅದರಲ್ಲಿ 3840 ಚುಕ್ಕೆಗಳು ಸಾಲಾಗಿ ಕೂತು, ಒಂದೊಂದು ಚುಕ್ಕೆಯ ಅಗಲ 0.32 ಮಿಲಿಮೀಟರಿನಷ್ಟಾಗುತ್ತದೆ. ಆರೋಗ್ಯವಂತ ಕಣ್ಣು ಸಾಮಾನ್ಯವಾಗಿ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸೂಕ್ಷ್ಮವಾದುದನ್ನು ಬಿಡಿಸಿ ನೋಡಬಲ್ಲುದು ಎಂಬ ಲೆಕ್ಕದಲ್ಲಿ, ಈ ಚುಕ್ಕೆಗಳು ಬೇರೆಬೇರೆಯಾಗಿ ಕಾಣುವುದು 1.1 ಮೀಟರಿನವರೆಗೆ ಮಾತ್ರ. 1920 ಚುಕ್ಕೆಗಳ ಫುಲ್ ಎಚ್‌ಡಿ ಆದರೆ 2.2 ಮೀಟರಿನವರೆಗೆ. ಲೆಕ್ಕವನ್ನಷ್ಟೇ ನಂಬದೆ, ಒಂದು ಚುಕ್ಕೆ ಕಪ್ಪು, ಒಂದು ಚುಕ್ಕೆ ಬಿಳಿ ಎಂಬಂತೆ ಗೆರೆಗಳಿರುವ ಚಿತ್ರವೊಂದನ್ನು ಲ್ಯಾಪ್‌ಟಾಪಿನಲ್ಲಿ ಮಾಡಿ ಟಿವಿಗೆ ಜೋಡಿಸಿ, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದೆ. ಒಂದೂಕಾಲು ಮೀಟರ್ ದಾಟುತ್ತಲೇ ಗೆರೆಗಳೆಲ್ಲ ಕಲೆತು ಬೂದು ಬಣ್ಣದ ಹಾಳೆಯಂತಾದವು. ನಾವು ಕೂರುತ್ತಿದ್ದ ಜಾಗದಿಂದ 4ಕೆಗೂ ಫುಲ್ ಎಚ್‌ಡಿಗೂ ಭೇದವೇ ಇರಲಿಲ್ಲ. ನಡುವಿನ ಟೀಪಾಯಿಯನ್ನು ಮೂಲೆಗಿಟ್ಟು ಸೋಫಾವನ್ನು ಎರಡು ಮೀಟರಿಗೆ ತಂದೆವು.

ಎರಡನೆಯ ಭಾನುವಾರ ಸೆಟ್ ಟಾಪ್ ಬಾಕ್ಸಿನ ಕಡೆ ಗಮನ ಹರಿಸಿದೆ. ಅಮ್ಮ ನೋಡುವ ಕನ್ನಡ ವಾಹಿನಿಗಳು ನಮ್ಮ ಪ್ಯಾಕಿನಲ್ಲಿ ಸಾಧಾರಣ ಎಸ್‌ಡಿ ರೂಪದಲ್ಲಿ ಬರುತ್ತಿದ್ದವು. ಎಸ್‌ಡಿ ಚಿತ್ರದಲ್ಲಿರುವುದು ಹೆಚ್ಚೆಂದರೆ 720 ಗುಣಿಸು 576, ಅಂದರೆ 4,14,720 ಚುಕ್ಕೆಗಳು, ಪರದೆಯಲ್ಲಿರುವುದು 82,94,400. ಸರಿಯಾಗಿ ಇಪ್ಪತ್ತು ಪಟ್ಟು. ಇಪ್ಪತ್ತರಲ್ಲಿ ಹತ್ತೊಂಬತ್ತು ಚುಕ್ಕೆಗಳನ್ನು ಟಿವಿ ತಾನೇ ಊಹಿಸಿ ತುಂಬುತ್ತಿರುವಾಗ, ಸಣ್ಣ ಪರದೆಯಲ್ಲಿ ಅಡಗಿದ್ದ ಕೊರತೆಯೆಲ್ಲ ದೊಡ್ಡದರಲ್ಲಿ ಎದ್ದು ಕಾಣದೆ ಇರುತ್ತದೆಯೇ? ಎಚ್‌ಡಿ ಸಿಗುವ ವಾಹಿನಿಗಳನ್ನು ಎಚ್‌ಡಿಗೆ ಬದಲಾಯಿಸಿಕೊಂಡೆ.

ಆದರೆ ಮೇಣದ ಮುಖಕ್ಕೆ ಕಾರಣ ಇದಾಗಿರಲಿಲ್ಲ, ಏಕೆಂದರೆ ಆ ಯಕ್ಷಗಾನದ ವೀಡಿಯೊ ಫುಲ್ ಎಚ್‌ಡಿಯದೇ ಆಗಿತ್ತು. ಟಿವಿಯು, ಅಂಗಡಿಯ ಝಗಮಗಿಸುವ ದೀಪಗಳ ನಡುವೆ ಗಿರಾಕಿಯ ಕಣ್ಣು ಸೆಳೆಯಲೆಂದು ಇರುವ 'ವಿವಿಡ್' ಮೋಡಿನಲ್ಲೇ ನಮ್ಮ ಮನೆಯಲ್ಲೂ ಓಡುತ್ತಿತ್ತು. ಶಾರ್ಪ್‌ನೆಸ್ ಹೆಚ್ಚಿದ್ದುದರಿಂದ ಕಿರೀಟದ ಅಂಚಿಗೆಲ್ಲ ತೆಳುವಾದ ಬಿಳಿ ಗೆರೆ ಮೂಡಿತ್ತು. ನಾಯ್ಸ್ ರಿಡಕ್ಷನ್ ಸಣ್ಣ ವಿವರಗಳನ್ನೂ ದೋಷವೆಂದೇ ಎಣಿಸಿ ಒರೆಸಿಹಾಕುತ್ತಿತ್ತು. ಬಣ್ಣದ ವೇಷದ ಮುಖದಲ್ಲಿ ಅಕ್ಕಿಹಿಟ್ಟಿನ ಚುಟ್ಟಿಯನ್ನು, ಅಂದರೆ ಮುಳ್ಳಿನಂಥ ಸಣ್ಣ ಉಬ್ಬುಗಳನ್ನು, ಒಂದೊಂದಾಗಿ ಇಡಲು ಕಲಾವಿದರು ಗಂಟೆಗಟ್ಟಲೆ ಕೂರುತ್ತಾರೆ. ಅದನ್ನು ಒಂದು ಯಂತ್ರ ನುಣ್ಣಗೆ ಮಾಡಿಬಿಡುವುದು ನನಗೆ ನಿಜಕ್ಕೂ ಬೇಸರದ ಸಂಗತಿಯಾಗಿತ್ತು. 'ಸಿನೆಮಾ' ಮೋಡಿಗೆ ಬಂದು, ಶಾರ್ಪ್‌ನೆಸ್ಸನ್ನು ಬಿಳಿ ಗೆರೆ ಮಾಯವಾಗುವವರೆಗೆ ಇಳಿಸಿ, ನಾಯ್ಸ್ ರಿಡಕ್ಷನ್ ಆಫ್ ಮಾಡಿದೆ. ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನೂ ತೆಗೆದೆ. ಅದು ಎರಡು ಫ್ರೇಮುಗಳ ನಡುವೆ ತಾನೇ ಕಲ್ಪಿಸಿದ ಫ್ರೇಮುಗಳನ್ನು ಸೇರಿಸುವುದರಿಂದ, ವೇಷಧಾರಿ ದಿಗಿಣ ಹಾರುವಾಗ ಕೈಕಾಲುಗಳ ಸುತ್ತ ಚಿತ್ರ ಹರಿದಂತೆ ಕಾಣುತ್ತಿತ್ತು.

ಬೆಳಕು-ಕತ್ತಲೆಗಳ ಅಂತರವನ್ನು ಹೆಚ್ಚಿಸಿ ತೋರಿಸುವ ಎಚ್‌ಡಿಆರ್ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಗೆಲ್ಲಲಿಲ್ಲ. ಎಚ್‌ಡಿಆರ್ ಸಾಮಾನ್ಯವಾಗಿ ಬಳಸುವ ಹತ್ತು ಬಿಟ್‌ನಲ್ಲಿ ಪ್ರತಿ ಮೂಲಬಣ್ಣಕ್ಕೆ 1024 ಮೆಟ್ಟಿಲುಗಳಿರುತ್ತವೆ, ಎಂಟು ಬಿಟ್‌ನಲ್ಲಿ 256. ಸಂಜೆಯ ಆಕಾಶ ಪಟ್ಟೆಪಟ್ಟೆಯಾಗಿ ಒಡೆಯದೆ ಕಾಣುವುದು ಈ ಮೆಟ್ಟಿಲುಗಳಿಂದಲೇ. ನಮ್ಮ ಟಿವಿಯಲ್ಲಿ ಕೇಬಲ್ ಚುಚ್ಚುವ ಎಚ್‌ಡಿಎಂಐ ಪೋರ್ಟನ್ನು ಮೆನುವಿನಲ್ಲಿ ಹೆಚ್ಚಿನ ವೇಗಕ್ಕೆ ಬದಲಿಸದ ಹೊರತು, ಹೊರಗಿನಿಂದ ಜೋಡಿಸಿದ ಪೆಟ್ಟಿಗೆಯಿಂದ ಅಷ್ಟು ದತ್ತಾಂಶ ಬರುವುದೇ ಇಲ್ಲ. ಬದಲಿಸಿದೆ, ಆದರೆ ಹಳೆಯ ಕೇಬಲ್ ತಾಳದೆ ಪರದೆ ಆಗಾಗ ಕಪ್ಪಾಗತೊಡಗಿತು. ಸೆಕೆಂಡಿಗೆ 18 ಗಿಗಾಬಿಟ್ ಸಾಮರ್ಥ್ಯದ ಹೊಸ ಕೇಬಲ್ ತಂದ ಮೇಲೆ ಆ ತೊಂದರೆ ನಿಂತಿತು. ಬೆಳಕಿನ ಕೊರತೆಗೆ ಮಾತ್ರ ಕೇಬಲ್ಲಿನಲ್ಲಿ ಪರಿಹಾರವಿರಲಿಲ್ಲ. ಎಚ್‌ಡಿಆರ್ ಚಿತ್ರಗಳನ್ನು ಬಹುಮಟ್ಟಿಗೆ 1000 ನಿಟ್ಸ್ (ಪರದೆಯ ಬೆಳಕಿನ ಅಳತೆ) ಅಥವಾ ಅದಕ್ಕೂ ಮೀರಿದ ಬೆಳಕಿಗೆಂದು ಸಿದ್ಧಪಡಿಸುತ್ತಾರೆ, ನಮ್ಮ ಟಿವಿ ಮುಟ್ಟುವುದು 300ರ ಆಸುಪಾಸು. ಟಿವಿ ಬಂದ ಪೆಟ್ಟಿಗೆಯ ಮೇಲೆ ಎಚ್‌ಡಿಆರ್ ಎಂದು ಬರೆದಿರುವುದಕ್ಕೆ ಆ ಸಂಕೇತವನ್ನು ಟಿವಿ ಓದಬಲ್ಲುದು ಎಂದಷ್ಟೇ ಅರ್ಥ. ಪಡುವಣ ಕಿಟಕಿಗೆ ದಪ್ಪ ಪರದೆ ಹಾಕಿಸಿದ ಮೇಲೆ ಸಂಜೆಯ ಹೊತ್ತಿಗೆ ಕತ್ತಲ ದೃಶ್ಯಗಳು ತಕ್ಕಮಟ್ಟಿಗೆ ಸುಧಾರಿಸಿದವು.

ಇನ್ನೊಂದು ವಿಷಯ ತಡವಾಗಿ ತಿಳಿಯಿತು. ನಮ್ಮ ಟಿವಿ ಪ್ರತಿ ಪೋರ್ಟಿಗೂ, ಎಚ್‌ಡಿಆರ್‌ಗೂ ಬೇರೆಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುತ್ತದೆ. ಆದ್ದರಿಂದ ಅಮ್ಮನ ವಾಹಿನಿಗಳಿಗಾಗಿ ಸೆಟ್ ಟಾಪ್ ಬಾಕ್ಸಿನ ಪೋರ್ಟಿನಲ್ಲಿ ಇದೆಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಈ ಸಲ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಟಿವಿಯ ಬೆನ್ನಿಗೆ ಅಂಟಿಸಿದ್ದೇನೆ.