ಅವರೆಕಾಳಿನ ಹೊಕ್ಕುಳು, ಕಿಡ್ನಿಯ ಹೊಕ್ಕುಳು

ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳುವ ನನಗೆ 'ಹೈಲಮ್' ಬಹಳ ವರ್ಷ ಬರೀ ಬೋರ್ಡಿನ ಮೇಲಿನ ಪದವಾಗಿತ್ತು. ಬೀಜದ ಚಿತ್ರದಲ್ಲಿ ಅದರ ಮೇಲಿನ ಕಲೆಗೊಂದು ಬಾಣ, ಕಿಡ್ನಿಯ ಚಿತ್ರದಲ್ಲಿ ನಾಳಗಳು ಸೇರುವ ಜಾಗಕ್ಕೊಂದು ಬಾಣ. "ಎರಡಕ್ಕೂ ಒಂದೇ ಹೆಸರು ಯಾಕೆ ಸಾರ್?" ಅಂತ ಒಬ್ಬಳು ಕೇಳಿದಳು. "ಹೈಲಮ್ ಅಂದ್ರೆ ಬಾಗಿಲು" ಅಂದುಬಿಟ್ಟೆ. ಸುಮ್ನೆ ಬಾಯಿಗೆ ಬಂದಿದ್ದು. ಮನೆಗೆ ಬಂದು ಲ್ಯಾಟಿನ್ ನಿಘಂಟು ತೆರೆದರೆ, ಬಾಗಿಲಿಗೂ ಅದಕ್ಕೂ ಸಂಬಂಧವೇ ಇಲ್ಲ!

ಲ್ಯಾಟಿನ್‌ನಲ್ಲಿ ಹೈಲಮ್ ಅಂದರೆ ಚೂರೇ ಚೂರು, ಲೆಕ್ಕಕ್ಕಿಲ್ಲದ್ದು. ಅದಕ್ಕೆ 'ಇಲ್ಲ' ಅನ್ನುವ 'ನೆ' ಸೇರಿ 'ನಿಹಿಲ್' ಆಯಿತು. ಚೂರೂ ಇಲ್ಲ ಅಂತ ಅರ್ಥ. ಅದು ಸವೆದು 'ನಿಲ್'. ನಮ್ಮ ಆಫೀಸಿನಿಂದ ಹೋಗುವ ನಿಲ್ ರಿಪೋರ್ಟ್ ಒಳಗೂ ಇದೇ ಚೂರು ಕೂತಿದೆ. ರೋಮನ್ ವ್ಯಾಕರಣಕಾರ ಫೆಸ್ಟಸ್, ಹೈಲಮ್ ಅಂದರೆ ಕಾಳಿಗೆ ಅಂಟಿಕೊಂಡಿರುವ ಚೂರು ಅನ್ನುತ್ತಾರೆ ಎಂದು ಬರೆದಿಟ್ಟ. 1751ರಲ್ಲಿ ಸಸ್ಯವಿಜ್ಞಾನಿ ಲಿನ್ನೇಯಸ್, ಬೀಜ ಕಾಯಿಗೆ ಅಂಟಿದ್ದ ಜಾಗದ ಕಲೆಗೆ ಈ ಹೆಸರು ಹೇಳಿದ. ದೇಹದ ಅಂಗರಚನೆ ಓದುವವರೂ ಇದೇ ಹೆಸರು ಹಿಡಿದರು. ಹಳೆಯ ಪುಸ್ತಕಗಳಲ್ಲಿ 'ಹೈಲಸ್' ಅಂತ ಕಂಡರೆ ಗಾಬರಿ ಬೇಡ, ಅದೂ ಇದೇ.

ಮರುವಾರ ಕ್ಲಾಸಿಗೆ ಅವರೆಕಾಯಿ ಒಯ್ದೆ. ಸುಲಿಯುವಾಗ ಕಾಳನ್ನು ಸಿಪ್ಪೆಗೆ ಹಿಡಿದಿಟ್ಟ ಪುಟ್ಟ ತೊಟ್ಟು ಕಾಣುತ್ತದೆ. ಅದು ಬಿಟ್ಟ ಜಾಗವೇ ಕಾಳಿನ ಮೇಲಿನ ಬಿಳಿ ಗೆರೆ, ಅಂದರೆ ಹೈಲಮ್. ಅಲಸಂದೆಯಲ್ಲಿ ಮಕ್ಕಳು ಕಪ್ಪು ಕಣ್ಣನ್ನೇ ತೋರಿಸಿದರು. ಕಪ್ಪು ಬರೀ ಬಣ್ಣ, ಹೈಲಮ್ ಇರುವುದು ಅದರ ನಡುವೆ. ರಾತ್ರಿ ನೆನೆಸಿದ ರಾಜ್ಮಾ ಒರೆಸಿ, ಮೆಲ್ಲಗೆ ಹಿಚುಕಿದೆವು. ಹೈಲಮ್ ಪಕ್ಕದ ಸೂಜಿಮೊನೆಯಷ್ಟು ತೂತಿನಿಂದ ನೀರಿನ ಹನಿ ಬಂತು. ಆ ತೂತು ಮೈಕ್ರೊಪೈಲ್. ಎರಡನ್ನೂ ಒಂದೇ ಅಂದುಕೊಂಡು ಮಾರ್ಕ್ಸ್ ಕಳೆದುಕೊಳ್ಳುವವರೇ ಜಾಸ್ತಿ.

ಕುರಿ ಕಿಡ್ನಿ ತರುವುದು ಕಷ್ಟವಾಯಿತು. ಮೊದಲ ಸಲ ಅಂಗಡಿಯವರು ನಾಳಗಳನ್ನೆಲ್ಲ ನೀಟಾಗಿ ಕತ್ತರಿಸಿ ಕೊಟ್ಟಿದ್ದರು. ಎರಡನೇ ಸಲ "ಪೈಪ್ ಸಮೇತ ಕೊಡಿ" ಅಂದೆ. "ಅದನ್ಯಾರು ತಿಂತಾರೆ ಮೇಷ್ಟ್ರೇ?" ಅಂತ ನಕ್ಕರು. ಕೊಬ್ಬು ಬಿಡಿಸಿದರೆ ಒಳಬಾಗಿದ ಕಡೆ ರಕ್ತ ತರುವ ನಾಳ, ಒಯ್ಯುವ ನಾಳ, ಮೂತ್ರನಾಳ ಮೂರೂ ಸಿಕ್ಕವು. ಅದೇ ಕಿಡ್ನಿಯ ಹೈಲಮ್.

"ಕನ್ನಡದಲ್ಲಿ ಹೊಕ್ಕುಳು ಅನ್ನೋಣ" ಅಂದೆ. ಅದೇ ಹುಡುಗಿ ಬಿಡಲಿಲ್ಲ. "ಸಾರ್, ಕಾಳಿಗಾದ್ರೆ ಸರಿ. ಕಿಡ್ನಿಗೆ ಬಳ್ಳಿ ಇನ್ನೂ ಬಿದ್ದೇ ಇಲ್ವಲ್ಲ?"